ಖಾಲಿ ಕರಡಿಗೆ

ಒಂದೇ ಒಂದು ಮಾತು ಕೇಳಿಕೊಂಡು ಬಾ ಅಂತ ನಮ್ಮ ಅತ್ತೆ ಶೈಲಮ್ಮನವರು ನನ್ನನ್ನು ಆ ದೋಣಿಯವರ ಕೂಟಕ್ಕೆ ಕಳಿಸಿದರು.

“ಹೋಗೂಮುಂದ ಅವನ ಮೈಮ್ಯಾಲ ಲಿಂಗ ಇತ್ತೋ ಇಲ್ಲೋ, ಅದಷ್ಟು ಕೇಳ್ಕೊಂಡು ಬಾರವಾ. ಉಳಿದದ್ದು ನನಗ ಬ್ಯಾಡ.”

ಅವನು ಅಂದರೆ ನನ್ನ ಗಂಡ ಅಮರೇಶ್ವರ. ಜೂನ್‌ನಲ್ಲಿ ಬರ್ಮುಡಾಕ್ಕೆ ಹೊರಟಿದ್ದ ಹಾಯಿದೋಣಿಯಿಂದ ಕಡಲಿಗೆ ಬಿದ್ದರು. ಕೋಸ್ಟ್ ಗಾರ್ಡಿನವರು ಹುಡುಕಿದರು, ಆಮೇಲೆ ಹುಡುಕುವುದನ್ನು ಬಿಟ್ಟರು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಕೊಡಲಿಕ್ಕೆ ದೇಹವೇ ಇಲ್ಲ. ವಿಸಿಟರ್ ವೀಸಾದಲ್ಲಿ ಮೇ ತಿಂಗಳು ಅಮೆರಿಕಕ್ಕೆ ಬಂದಿದ್ದ ಅತ್ತೆ ನವೆಂಬರ್‌ನಲ್ಲಿ ವಾಪಸು ಹೋಗಬೇಕು. “ಊರಾಗ ಮಠದ ಅಯ್ಯನವರು ಕೇಳ್ತಾರ, ಲಿಂಗದ ಕೂಡ ಹೋದ್ನೋ ಹಂಗ ಹೋದ್ನೋ ಅಂತ. ಏನಂತ ಹೇಳ್ಲಿ?” ಇದು ಗೊತ್ತಾಗುವವರೆಗೆ ಯಾವ ಕಾರ್ಯಕ್ಕೂ ಅವರು ಒಪ್ಪಲಿಲ್ಲ. ಮಗ ಹೊರಡುವ ಮುಂಜಾನೆ ಅತ್ತೆ ಅವರ ಕೈ ಹಿಡಿದು, “ಏನ್ ಬಿಟ್ರೂ ಪೂಜಿ ಬಿಡಬ್ಯಾಡಪಾ,” ಅಂದಿದ್ದರು. “ಬಿಡಂಗಿಲ್ಲವ್ವಾ,” ಅಂತ ಇವರು ಕಾಲು ಮುಟ್ಟಿ ಹೋಗಿದ್ದರು.

ಲಿಂಗಸುಗೂರಿನ ಕಡೆಯ ಮನುಷ್ಯ. ಈಜು ಕಲಿತದ್ದು ಬಾವಿಯಲ್ಲಿ. ವೈಟುಕೆ ಅಂತ, ಎರಡು ಸಾವಿರದ ಇಸವಿಗೆ ಕಂಪ್ಯೂಟರ್‌ಗಳನ್ನು ಸಜ್ಜುಮಾಡುವ ಕೆಲಸದಲ್ಲಿ, ಎರಡು ವರ್ಷ ಹಗಲು ರಾತ್ರಿ ಆಫೀಸಿನಲ್ಲೇ ಕಳೆದು, ಮುಖವೆಲ್ಲ ಕಂಪ್ಯೂಟರ್ ಬಣ್ಣಕ್ಕೆ ತಿರುಗಿತ್ತು. ಅವರ ಪ್ರಾಜೆಕ್ಟಿನ ಹಿರಿಯ ವಾಲ್ಟರ್ ನಿವೃತ್ತನಾದ ಮೇಲೆ ತನ್ನ ದೋಣಿಗೆ ಕರೆದ. ಒಂದು ಭಾನುವಾರ ಹೋಗಿಬಂದವರು, “ಅಲ್ಲಿ ಪೇಜರ್ ಕೆಲಸ ಮಾಡಂಗಿಲ್ಲಲೇ!” ಅಂತ ಮಗುವಿನ ಹಾಗೆ ನಕ್ಕಿದ್ದರು. ಎಷ್ಟೋ ದಿನದ ಮೇಲೆ ಕಂಡ ನಗು ಅದು. ಹಾಗಾಗಿ ಅದೇ ದೋಣಿಯಲ್ಲಿ ಬರ್ಮುಡಾಕ್ಕೆ ಹೋಗುತ್ತೇನೆ ಅಂದಾಗ ನಾನೂ ಬೇಡ ಅನ್ನಲಿಲ್ಲ.

ದೂರ ಹೋಗಿಬಂದ ದೋಣಿಯವರು ವರ್ಷಕ್ಕೊಮ್ಮೆ ಸೇರುವ ಕೂಟ ಅಕ್ಟೋಬರ್‌ನ ಒಂದು ಶನಿವಾರ ಕಡಲ ದಡದ ಊರು ಅಟ್ಲಾಂಟಿಕ್ ಹೈಲ್ಯಾಂಡ್ಸ್‌ನಲ್ಲಿತ್ತು. ಒಬ್ಬೊಬ್ಬರೂ ಒಂದೊಂದು ಅಡುಗೆ ತರಬೇಕು. ಅತ್ತೆ ಶೇಂಗಾ ಉಂಡೆ ಕಟ್ಟಿ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಟ್ಟರು. ಮಗನಿಗೂ ಅವನ್ನೇ ಕಟ್ಟಿಕೊಟ್ಟಿದ್ದರು. ಸೀಕಾಕಸ್‌ನ ನನ್ನ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಆ ಶನಿವಾರವೂ ಬಾ ಅಂದಿದ್ದರು. ಆಗಲ್ಲ ಅಂತ ಹೇಳಿ, ಒಂಬತ್ತನೇ ಕ್ಲಾಸಿನ ಮಗಳು ರಕ್ಷಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಕೆಂಡಲ್ ಪಾರ್ಕಿನ ಮನೆಯಿಂದ ಡ್ರೈವ್ ಮಾಡಿಕೊಂಡು ಹೋದೆ.

ಬಾಗಿಲಲ್ಲೇ ಒಬ್ಬಾಕೆ ಎದೆಗೆ ಅಂಟಿಸಿಕೊಳ್ಳುವ ಚೀಟಿ ಹಿಡಿದು ನಿಂತಿದ್ದಳು. ಹೆಸರು, ಅದರ ಕೆಳಗೆ ದೋಣಿಯ ಹೆಸರು. “ವಿಚ್ ಬೋಟ್, ಹನಿ?” ಅಂದಳು. ರಕ್ಷಾ ಪೆನ್ನು ತೆಗೆದುಕೊಂಡು ವಾಲ್ಟರನ ದೋಣಿಯ ಹೆಸರು ಬರೆದಳು. ಅದನ್ನು ಓದಿದ ಹೆಂಗಸು ಕಣ್ಣು ಕೆಳಗೆ ಹಾಕಿದಳು.

ಒಳಗೆ ಡೀಸೆಲ್ ವಾಸನೆ ಹತ್ತಿದ ಸ್ವೆಟರ್‌ಗಳು, ಬಿಸಿಲಿಗೆ ಸುಟ್ಟ ಮೂಗುಗಳು. ಕಡಲು, ಆಕಾಶ, ನಕ್ಷತ್ರ ಅಂತ ಮಾತಾಡುತ್ತಾರೆ ಅಂದುಕೊಂಡಿದ್ದೆ. ಕೇಳಿದರೆ ಎಲ್ಲರ ಬಾಯಲ್ಲೂ ಕೆಟ್ಟ ಎಂಜಿನ್, ಕಟ್ಟಿಕೊಂಡ ಕಕ್ಕಸು.

“ನಡುಗಡಲಲ್ಲಿ ಟಾಯ್ಲೆಟ್ ಪಂಪ್ ಬಿಚ್ಚಿ ಜೋಡಿಸಿದೀಯಾ? ಇಲ್ಲದಿದ್ದರೆ ನೀನು ನಾವಿಕನೇ ಅಲ್ಲ,” ಅಂತ ಒಬ್ಬ ಮುದುಕ ಇನ್ನೊಬ್ಬನನ್ನು ಕೆಣಕುತ್ತಿದ್ದ.

“ನಾನ್ಯಾಕೆ ಬಿಚ್ಚಲಿ? ಅದಕ್ಕೇ ಅಳಿಯನನ್ನು ಕರಕೊಂಡು ಹೋಗೋದು!”

ಎಲ್ಲರೂ ನಕ್ಕರು. ನಮ್ಮನೆಯವರೂ ಹೀಗೇ ಇಲ್ಲಿ ನಿಂತು ನಗಬೇಕಿತ್ತು ಅನ್ನಿಸಿತು.

ವಾಲ್ಟರನ ಹೆಂಡತಿ ಪೆಗ್ ಬಂದು ಡಬ್ಬಿ ತೆಗೆದುಕೊಂಡಳು. “ಅಮರ್‌ನ ಪೀನಟ್ ಬಾಲ್ಸ್,” ಅಂದವಳು ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. ಈ ಕೂಟದಲ್ಲಿ ಒಂದು ಪದ್ಧತಿ ಇದೆ. ವಾಪಸಾದ ದೋಣಿಗಳ ಹೆಸರು ಕೂಗಿದ ಮೇಲೆ, ವಾಪಸಾಗದವರಿಗಾಗಿ ದೋಣಿಯ ಗಂಟೆಯನ್ನು ಎಂಟು ಸಲ ಬಾರಿಸುತ್ತಾರೆ. ಹಡಗಿನಲ್ಲಿ ಅದು ಪಾಳಿ ಮುಗಿದ ಗಂಟೆ. ಮನೆಯವರು ಒಪ್ಪಿದರೆ ಮಾತ್ರ.

“ಮೊದಲು ವಾಲ್ಟರ್ ಹತ್ತಿರ ಒಂದು ಮಾತು ಕೇಳಬೇಕು,” ಅಂದೆ.

ವಾಲ್ಟರ್ ಹೊರಗೆ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ನಾಲ್ಕು ತಿಂಗಳಿಗೆ ಹತ್ತು ವರ್ಷ ಮುದುಕನಾದಂತಿದ್ದ. ಕೇಳಿದೆ: ಅವರ ಕೊರಳಲ್ಲಿ ಒಂದು ದಾರ, ದಾರದಲ್ಲಿ ಲಿಂಗ ಇಡುವ ಬೆಳ್ಳಿಯ ಸಣ್ಣ ಕರಡಿಗೆ ಇರುತ್ತಿತ್ತು. ಬೀಳುವಾಗ ಅದು ಇತ್ತಾ?

ಆತ ಜೇಬಿಗೆ ಕೈಹಾಕಿ ಕರಡಿಗೆಯನ್ನೇ ತೆಗೆದು ನನ್ನ ಅಂಗೈ ಮೇಲಿಟ್ಟ. ಅದರ ಮುಚ್ಚಳ ತೆಗೆದಿತ್ತು. ಒಳಗೆ ಲಿಂಗ ಇರಲಿಲ್ಲ.

“ಹೋದ ವಾರ ದೋಣಿ ಮೇಲೆತ್ತಿ ತೊಳೆಯುವಾಗ ಸೀಟಿನ ಸಂದಿಯಲ್ಲಿ ಸಿಕ್ಕಿತು,” ಅಂದ. “ದಿನಾ ಬೆಳಗಾಗುವ ಹೊತ್ತಿಗೆ ಕೈಕಾಲು ತೊಳೆದು, ಹಣೆಗೆ ಬೂದಿ ಹಚ್ಚಿ ಕೂರುತ್ತಿದ್ದ. ಎಡಗೈಯಲ್ಲಿ ಆ ಕರಿಯ ಕಲ್ಲು. ಅದನ್ನೇ ನೋಡುತ್ತಿದ್ದ. ಆಗ ಕರೆದರೂ ತಲೆ ಎತ್ತುತ್ತಿರಲಿಲ್ಲ.”

“ಆ ಬೆಳಗ್ಗೆಯೂ?”

“ಆ ಬೆಳಗ್ಗೆಯೂ.” ಆತ ತನ್ನ ಬೂಟುಗಳನ್ನೇ ನೋಡುತ್ತಿದ್ದ. “ನಮ್ಮ ಲೈಫ್ ಜಾಕೆಟ್ಟಿಗೆ ಒಂದು ಪಟ್ಟಿ. ಆ ಪಟ್ಟಿ ದೋಣಿಗೆ ಸಿಕ್ಕಿಸಿರುತ್ತೆ. ಅದು ಇದ್ದರೆ ಬಿದ್ದರೂ ದೋಣಿ ಬಿಟ್ಟು ಹೋಗಲ್ಲ. ಪೂಜೆ ಹೊತ್ತಿಗೆ ಮಾತ್ರ ಅವನು ಜಾಕೆಟ್ ಬಿಚ್ಚಿಡುತ್ತಿದ್ದ. ನಾನು ಬೈದೆ. ‘ಐದೇ ನಿಮಿಷ ಸರ್, ಈ ಪಟ್ಟಿ ಎದೆ ಮೇಲಿನ ದೇವರಿಗೆ ಅಡ್ಡ ಬರುತ್ತೆ,’ ಅಂದ. ನಾನು ಒಳಗೆ ಕಾಫಿ ಮಾಡುತ್ತಿದ್ದೆ. ದೋಣಿ ಒಮ್ಮೆ ಹೊರಳಿತು. ಮೇಲೆ ಬಂದು ನೋಡಿದರೆ ಸೀಟಿನ ಮೇಲೆ ಜಾಕೆಟ್, ಪಟ್ಟಿ ಸಿಕ್ಕಿಸಿದ ಹಾಗೇ ಇದೆ. ಅವನಿಲ್ಲ.”

ವಾಲ್ಟರನ ಭುಜ ಅಲುಗತೊಡಗಿತು. ರಕ್ಷಾ ನನ್ನ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಇಟ್ ವಾಸಂಟ್ ಯುವರ್ ಫಾಲ್ಟ್,” ಅಂತ ಆ ಮುದುಕನ ಬೆನ್ನ ಮೇಲೆ ಕೈಯಿಟ್ಟಳು. ನನಗೆ ಅದು ಆಗಲಿಲ್ಲ. ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಕೈಯಲ್ಲಿತ್ತು, ಅವರು ಬಯಸಿದ ಉತ್ತರವೇ. ಅದರ ಬೆನ್ನಿಗೇ ಇನ್ನೊಂದು ಅಂಟಿಕೊಂಡಿತ್ತು: ಪೂಜೆ ಒಂದು ದಿನ ಬಿಟ್ಟಿದ್ದರೆ ಮನುಷ್ಯ ಉಳಿಯುತ್ತಿದ್ದ.

ಒಳಗೆ ಹೋಗಿ ಪೆಗ್‌ಗೆ ಆಗಲಿ ಅಂದೆ. ಗಂಟೆ ಬಾರಿಸಿದವಳು ರಕ್ಷಾ. ಎರಡು, ಎರಡು, ಎರಡು, ಎರಡು. ಕಕ್ಕಸಿನ ಪಂಪಿನವನೂ ಟೋಪಿ ತೆಗೆದು ನಿಂತಿದ್ದ.

ಹೊರಡುವಾಗ ಪೆಗ್ ಡಬ್ಬಿ ವಾಪಸು ಕೊಟ್ಟಳು. ಖಾಲಿ ಡಬ್ಬಿ ಕೊಡಬಾರದು ಅಂತ ಅಮರ್ ಹೇಳಿದ್ದನಂತೆ. ತಾನೇ ಮಾಡಿದ ಆ್ಯಪಲ್ ಕೇಕ್ ತುಂಬಿದ್ದಳು.

ಕಾರಿನಲ್ಲಿ ರಕ್ಷಾ, “ಆರ್ ಯೂ ಗೋಯಿಂಗ್ ಟು ಟೆಲ್ ಅಜ್ಜಿ?” ಅಂದಳು. ನಾನು ಮುಂದಿನ ಲಾರಿಯ ಹಿಂಬದಿ ನೋಡುತ್ತಾ ಡ್ರೈವ್ ಮಾಡಿದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕರಡಿಗೆ ಅವರ ಕೈಗಿಟ್ಟು, “ಲಿಂಗ ಕೈಯಾಗ ಇತ್ತಂತ್ರಿ ಅತ್ತಿ. ಪೂಜಾಕ್ಕ ಕುಂತಿದ್ರಂತ,” ಅಂದೆ.

ಅವರು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡರು. “ಶಿವನ ನೋಡ್ತಾ ನೋಡ್ತಾ ಹೋದ ನನ್ನ ಮಗ,” ಅಂದರು. ಜೂನ್‌ನಿಂದ ಒಂದು ಹನಿ ಹಾಕದವರು ಗೋಡೆಗೆ ಒರಗಿ ಕೂತು ಅತ್ತರು. ಸಾಕಷ್ಟು ಅತ್ತ ಮೇಲೆ ಮೂಗೊರೆಸಿಕೊಂಡು ತಲೆ ಎತ್ತಿದರು.

“ಮತ್ತ ಆ ಬೆಲ್ಟು? ಬೆಲ್ಟು ಕಟ್ಟಿರ್ತಾರ, ಬಿದ್ರೂ ಏನೂ ಆಗಂಗಿಲ್ಲ ಅಂದಿದ್ನಲ್ಲ ನನಗ?”

ರಕ್ಷಾ ನನ್ನ ಮುಖ ನೋಡಿದಳು.

“ಕಟ್ಟಿದ್ರಂತ್ರಿ,” ಅಂದೆ. “ಹರದು ಹೋತಂತ.”

ಅವರು ಮೊಮ್ಮಗಳ ಕಡೆ ತಿರುಗಿದರು. “ಹೌದೇನವಾ? ನೀ ಕೇಳಿದಿ?”

“ಯಾ, ಅಜ್ಜಿ,” ಅಂದಳು ರಕ್ಷಾ. “ಇಟ್ ಬ್ರೋಕ್.”

ಅತ್ತೆಯ ಮುಖ ನಿಧಾನಕ್ಕೆ ಗಟ್ಟಿಯಾಯಿತು. “ಹರಕ ಬೆಲ್ಟು ಕಟ್ಟಿ ಕರ್ಕೊಂಡು ಹೋದ್ನೇನು ಆ ಮುದುಕ? ಅವನ ದೋಣಿ ಮುಳುಗಲಿ. ಅವನ ಮನಿ ಹಾಳಾಗಲಿ.” ಅಳುತ್ತಿದ್ದ ವಾಲ್ಟರನ ಭುಜ ನನ್ನ ಕಣ್ಣಿಗೆ ಕಟ್ಟಿತು.

ಅವರು ಎದ್ದು ಡಬ್ಬಿ ತೆಗೆದು ಮೂಸಿದರು. “ಇದು ಅವರ ಮನೀದೇನು?” ಅಂದವರೇ ಅಡುಗೆಮನೆಗೆ ಹೋಗಿ ಕೇಕನ್ನು ಕಸದ ಚೀಲಕ್ಕೆ ಸುರಿದರು.

“ಮಾಮ್, ಶೀ ಬೇಕ್ಡ್ ದಟ್ ಫಾರ್ ಅಸ್,” ಅಂದಳು ರಕ್ಷಾ.

“ಸುಮ್ನಿರು,” ಅಂದೆ.

ಒಳಗೆ ಅತ್ತೆ ನಲ್ಲಿ ಬಿಟ್ಟು ಡಬ್ಬಿ ತಿಕ್ಕುತ್ತಿದ್ದರು. ಒಮ್ಮೆ ತೊಳೆದದ್ದನ್ನೇ ಮತ್ತೆ ಸೋಪು ಹಾಕಿ ತಿಕ್ಕತೊಡಗಿದರು.