ಬಲಿತ ಮಿಡಿ

ರವಿಚಂದ್ರನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಅವನ ಹೆಂಡತಿ ತೇಜಸ್ವಿನಿ ಎಂದಿನಂತೆ ಹೊಲಕ್ಕೆ ಹೋದಳು. ಚಾಮುಂಡಿ ಬೆಟ್ಟದ ಹಿಂದೆ, ರಿಂಗ್ ರಸ್ತೆಯಾಚೆಗಿನ ತುಂಡು ಭೂಮಿ. ಔಷಧಿ ಹೊಡೆಯುತ್ತಾ ಅವನು ಕುಸಿದದ್ದು ಅಲ್ಲೇ. ಎರಡು ದಿನ ಯಾರೂ ಕೀಳದ ಮಿಡಿಸೌತೆ ಹೆಬ್ಬೆರಳು ದಾಟಿ ಬಲಿತು ನೇತಾಡುತ್ತಿತ್ತು.

ಬೀಜ ಕೊಟ್ಟು ಬೆಳೆಸಿ ಕೊಳ್ಳುವ ಕಂಪನಿಗೆ ಬೇಕಾದದ್ದು ಕಿರುಬೆರಳಿನಷ್ಟು. ಉಪ್ಪುನೀರಿಗೆ ಹಾಕಿ ಹಡಗು ಹತ್ತಿಸುವ ಕಾಯಿ. ಮೈಸೂರಿನ ಯಾವ ಸಂತೆಯಲ್ಲೂ ಅದನ್ನು ಕೇಳುವವರಿಲ್ಲ.

ಬಿಳಿಯರು ಬಣ್ಣಕ್ಕಾಗಿ ರೈತರಿಂದ ನೀಲಿ ಗಿಡ ಬೆಳೆಸಿದ್ದರ ಬಗ್ಗೆ ತೇಜಸ್ವಿನಿ ಮೈಸೂರು ವಿಶ್ವವಿದ್ಯಾಲಯದ ಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ರೈತರು ಉಣ್ಣಲಾಗದ್ದನ್ನು ಬಿತ್ತಿದರು, ಉಣ್ಣುವುದನ್ನು ಕೊಂಡರು. ಆಗ ಅದು ಮುಗಿದ ಕಥೆ.

ಮಾಲು ಒಯ್ಯಲು ಕಂಪನಿಯ ಅಭಿರಾಮ ಹೊಲದ ಬದಿಯ ಮೋರಿಯ ಬಳಿಗೆ ಟೆಂಪೊ ತಂದ. ಊರಿನ ಹೆಂಗಸರೆಲ್ಲ ತಂತಮ್ಮ ಹೊಲದ ಮಿಡಿಯ ಕ್ರೇಟು ಇಟ್ಟುಕೊಂಡು ನಿಂತಿದ್ದರು. ಅವನು ಕಾಯಿಗಳನ್ನು ಅಳತೆಯ ಉಂಗುರದಲ್ಲಿ ತೂರಿಸಿ ನೋಡಿದ. ಒಂದೂ ತೂರಲಿಲ್ಲ. ಅಷ್ಟೂ ಕ್ರೇಟುಗಳನ್ನು ಮೋರಿಗೆ ಸುರಿಸಿದ.

“ಎಲ್ಲಾರೂ ಯಾಕೆ ಹೋದ್ರಿ ಸಾವಿಗೆ? ಮನೆಗೊಬ್ರು ಹೋಗಿದ್ರೆ ಸಾಕಾಗ್ತಿರ್ಲಿಲ್ವಾ?”

ಪಕ್ಕದ ಮನೆಯ ಮುದುಕಿ ಪುಟ್ಟತಾಯಮ್ಮ ಸೆರಗು ಬಿಗಿದಳು. “ನಿಮ್ಮವ್ವ ಸತ್ರೂ ಉಂಗ್ರ ಹಿಡ್ಕೊಂಡು ಕೂತಿರ್ತೀರಾ ಸ್ವಾಮಿ? ನಮ್ ಮಗನ್ನ ಮಣ್ಣಿಗಿಡೋದು ಬುಟ್ಟು ನಿಮ್ ಕಾಯಿ ಕೀಳ್ಬೇಕಿತ್ತಾ?”

ಅಭಿರಾಮ ತೇಜಸ್ವಿನಿಯ ಕಡೆ ತಿರುಗಿದ. ತುಂಬ ಮರ್ಯಾದೆಯಿಂದ ಹೇಳಿದ. ಮುಖಕ್ಕೆ ಬಟ್ಟೆ ಕಟ್ಟದೆ ಔಷಧಿ ಹೊಡೆದದ್ದು ರವಿಚಂದ್ರ ಸಾರ್ ಅವರ ತಪ್ಪು, ಕಂಪನಿಯದಲ್ಲ. ಅವರು ಒಪ್ಪಿಕೊಂಡಷ್ಟು ಮಾಲು ಬಂದಿಲ್ಲ. ಬಲಿತದ್ದನ್ನೆಲ್ಲ ಇವತ್ತೇ ಕಿತ್ತೆಸೆದು ನಾಳೆಯಿಂದ ಮಿಡಿ ಕೊಡಬೇಕು. ಮುಂದಿನ ಬೆಳೆಗೂ ಇದೇ ಬೀಜ, ಪಕ್ಕದ ಪಟ್ಟಿಯೂ ಸೇರಿ.

ಪಕ್ಕದ ಪಟ್ಟಿ ಪುಟ್ಟತಾಯಮ್ಮನದು. ರಾಗಿ ಬೆಳೆದು ಉಣ್ಣುತ್ತಿದ್ದ ನೆಲ. ಒಂದು ಬೆಳೆಗೆ ಕೊಡು ದೊಡ್ಡವ್ವ ಎಂದು ರವಿಚಂದ್ರ ಮಿಡಿ ಹಾಕಲು ಬಾಯಿಮಾತಿನಲ್ಲೇ ಎರವಲು ಪಡೆದಿದ್ದ. ಅಂದಿನಿಂದ ಅವಳು ಸೊಸೈಟಿ ಅಕ್ಕಿಯಲ್ಲಿ ದಿನ ದೂಡುತ್ತಿದ್ದಳು. ವಾಪಸು ಕೇಳಿರಲಿಲ್ಲ.

ತೇಜಸ್ವಿನಿ ಆ ಪಟ್ಟಿಗೆ ಇಳಿದಳು. ಒಂದು ಬಳ್ಳಿಯನ್ನು ಬುಡಸಮೇತ ಕಿತ್ತಳು. ಆಮೇಲೆ ಇನ್ನೊಂದು.

“ಏನ್ ಮಾಡ್ತಿದೀರಾ ಮೇಡಂ? ಅಗ್ರಿಮೆಂಟ್ ಇದೆ. ಕೇಸಾಗತ್ತೆ.”

ಅವಳು ಮೂರನೆಯದನ್ನು ಕಿತ್ತಳು. ಹೆಂಗಸೊಬ್ಬಳು ಇಳಿದು ಬಳ್ಳಿ ಹಬ್ಬಿಸಿದ್ದ ಗೂಟಕ್ಕೆ ಕೈ ಹಾಕಿದಳು. ಮತ್ತೊಬ್ಬಳು ಇಳಿದಳು. ನೋಡನೋಡುತ್ತ ಮೋರಿಯ ಬಳಿ ಅಭಿರಾಮನೂ ಟೆಂಪೊ ಡ್ರೈವರೂ ಮಾತ್ರ ಉಳಿದರು.

ಪಟ್ಟಿ ಬರಿದಾಯಿತು. ತೇಜಸ್ವಿನಿ ಮಣ್ಣಾದ ಕೈಯಲ್ಲೇ ಪುಟ್ಟತಾಯಮ್ಮನ ಕೈ ಹಿಡಿದು ಅದರ ನಡುವೆ ನಿಲ್ಲಿಸಿದಳು.

“ತಗೊಳ್ಳಿ ದೊಡ್ಡವ್ವ, ನಮ್ಮನೆಯವರು ಈಸ್ಕೊಂಡಿದ್ದ ನೆಲ. ರಾಗಿ ಹಾಕ್ಕೊಳ್ಳಿ.”