ಸೀತಜ್ಜಿಯ ಎಂಟು ಹಲಸು, ಸಂಕಪ್ಪನ ಒಂದು ಗೋಣಿ ಉಪ್ಪು

"ಕೊರೋನ ಬಂದ ವರ್ಷ ಇಡೀ ಪಂಜ ಊರು ನನ್ನ ಅಟ್ಟ ನೋಡಿ ಬದುಕಿತು. ನಾನು ಒಂದು ದಿನವೂ ಅಂಗಡಿಯ ಮುಖ ನೋಡಿದವಳಲ್ಲ, ಒಬ್ಬರ ಹತ್ರ ಕೈ ಒಡ್ಡಿದವಳೂ ಅಲ್ಲ."

ಸೀತಜ್ಜಿ ಹೀಗೆ ಹೇಳುವಾಗ ಕೇಳುವವರು ನಕ್ಕರೆ ಅವಳಿಗೆ ಕೋಪ ಬರುವುದಿಲ್ಲ. ಬಾಯಲ್ಲಿರುವ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ, "ಅರ್ಧ ಸುಳ್ಳು ಮಾರಾಯ್ರೆ, ಒಪ್ಪಿದೆ. ಆದ್ರೆ ಸುಳ್ಳಿನ ಅರ್ಧ ಸಣ್ಣದು," ಎನ್ನುತ್ತಾಳೆ.

ಆ ಸಣ್ಣ ಅರ್ಧದ ಕತೆ ಇದು.

ಎಲ್ಲರೂ ಬಾಗಿಲು ಹಾಕಿ ಒಳಗೆ ಕೂರಬೇಕೆಂದು ಟಿ.ವಿ.ಯಲ್ಲಿ ಹೇಳಿದ್ದೇ ತಡ, ಪಂಜದ ಪೇಟೆಗೆ ಹುಚ್ಚು ಹಿಡಿಯಿತು. ಘಟ್ಟದ ಲಾರಿಗಳೆಲ್ಲ ಸಂಪಾಜೆಯಲ್ಲೇ ನಿಂತಿವೆಯಂತೆ, ಇನ್ನು ಆರು ತಿಂಗಳು ಇಳಿಯುವುದಿಲ್ಲವಂತೆ ಎಂದು ಯಾರೋ ಹೇಳಿದರು. ಆರು ತಿಂಗಳು ಸಂಜೆಯೊಳಗೆ ಒಂದು ವರ್ಷವಾಯಿತು. ನೌಷಾದನ ದಿನಸಿ ಅಂಗಡಿಯ ಮುಂದೆ ನಿಂತ ಸಾಲು, ಸೀತಜ್ಜಿಯ ಮಾತಿನಲ್ಲಿ ಹೇಳುವುದಾದರೆ, ನೆಟ್ಟಣಕ್ಕೆ ಬರುವ ರೈಲಿಗಿಂತ ಎರಡು ಡಬ್ಬಿ ಉದ್ದವಿತ್ತು. ಅಕ್ಕಿಗೂ ಕೈ, ಸಾಬೂನಿಗೂ ಕೈ. ಹಲ್ಲಿಲ್ಲದ ಮುದುಕರು ಕೂಡ ಹಲ್ಲುಜ್ಜುವ ಪೇಸ್ಟು ನಾಲ್ಕು ನಾಲ್ಕು ಕೊಂಡರಂತೆ.

ಸೀತಜ್ಜಿ ಮಾತ್ರ ರಸ್ತೆ ಕಾಣುವ ಜಗಲಿಯಲ್ಲಿ ಕಾಲು ಚಾಚಿ ಕೂತು ಈ ಮೆರವಣಿಗೆ ನೋಡಿದಳು. ಗಂಡ ಹೋದ ಮೇಲೆ ಮೂವತ್ತು ಮಳೆಗಾಲ ಆ ಮನೆಯನ್ನು ದಾಟಿಸಿದ್ದು ಅವಳ ಕೈ. ಮಳೆಗಾಲದಲ್ಲಿ ಪೇಟೆಗೆ ಹೋಗುವ ದಾರಿಯೇ ಇಲ್ಲದಿದ್ದ ಕಾಲದಲ್ಲಿ ಕಲಿತ ಬುದ್ಧಿಯನ್ನು, ಡಾಮರು ರಸ್ತೆ ಬಂದರೂ ಅವಳು ಬಿಟ್ಟಿರಲಿಲ್ಲ. ಅಡುಗೆಮನೆಯ ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ ಸೌತೆಕಾಯಿಗಳು ಸಾಲಾಗಿ ಹಳದಿ ದೀಪದ ಹಾಗೆ ತೂಗುತ್ತಿದ್ದವು. ಅಟ್ಟದಲ್ಲಿ ಹಪ್ಪಳ, ಹುಣಸೆ, ಬೇಯಿಸಿ ಒಣಗಿಸಿದ ಹಲಸಿನ ಬೀಜ. ಮೂಲೆಯ ಭರಣಿಗಳಲ್ಲಿ ಮಾವಿನ ಮಿಡಿ. ಸರಕಾರ ಈಗ ಹೇಳುವುದನ್ನು ತಾನು ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ ಎಂದು ಅವಳಿಗೆ ಎದೆ ಉಬ್ಬಿತು.

ಅಷ್ಟರಲ್ಲಿ ನೆರೆಮನೆಯ ಸಂಕಪ್ಪನ ಪಿಕಪ್ ಬಂತು. ಹಿಂದೆ ಮೂರು ಗೋಣಿ ಅಕ್ಕಿ, ಅದರ ಮೇಲೆ ಇನ್ನೊಂದು ಗೋಣಿ. ಸಂಕಪ್ಪ ಅವಳಿಗಿಂತ ಹತ್ತು ವರ್ಷ ಸಣ್ಣವನು. ಹೆಂಡತಿ ಮಗಳ ಬಾಣಂತನಕ್ಕೆಂದು ಸುಳ್ಯಕ್ಕೆ ಹೋಗಿ ಅಲ್ಲೇ ಸಿಕ್ಕಿಬಿದ್ದಿದ್ದಳು. ಮನೆಯಲ್ಲಿ ಅವನೊಬ್ಬನೇ.

"ಎಂತ ಸಂಕಪ್ಪ, ಇನ್ನೊಂದು ಮದುವೆ ಉಂಟಾ ಹೇಗೆ? ಅಷ್ಟು ಅಕ್ಕಿ!"

"ನಗಾಡಿ ಸೀತಕ್ಕ, ನಗಾಡಿ. ನಾಳೆ ಗೊತ್ತಾಗ್ತದೆ."

"ಆ ಮೇಲಿನ ಗೋಣಿಯಲ್ಲಿ ಎಂತದ್ದು?"

"ಕಲ್ಲುಪ್ಪು. ಇಡೀ ಪೇಟೆಯಲ್ಲಿ ಇದ್ದದ್ದೇ ಇದೊಂದು."

"ಉಪ್ಪಾ!" ಸೀತಜ್ಜಿ ತೊಡೆ ತಟ್ಟಿಕೊಂಡು ನಕ್ಕಳು. "ಯಾಕೆ ಮಾರಾಯ, ಸಮುದ್ರ ಬತ್ತಿತಾ? ಒಬ್ಬನಿಗೆ ಐವತ್ತು ಕಿಲೋ ಉಪ್ಪು! ನಿನ್ನನ್ನೇ ಭರಣಿಗೆ ಹಾಕಿ ಇಡ್ತಿಯಾ?"

ರಸ್ತೆಯಲ್ಲಿದ್ದವರೆಲ್ಲ ನಕ್ಕರು. ಸಂಕಪ್ಪನ ಕಿವಿ ಕೆಂಪಾಯಿತು. ಆಮೇಲೆ ಎರಡು ವಾರ ಅವನು ಈ ಕಡೆ ಮುಖ ಹಾಕಲಿಲ್ಲ.

ಏಪ್ರಿಲ್‌ನಲ್ಲಿ ಹಿತ್ತಿಲಿನ ಹಲಸು ಬಲಿಯಿತು. ಎಳತೂ ಅಲ್ಲದ, ಹಣ್ಣೂ ಅಲ್ಲದ ಹದ. ಸೊಳೆ ಬಿಡಿಸಿ ಉಪ್ಪಿನಲ್ಲಿ ಹಾಕಿಟ್ಟರೆ ಜಡಿಮಳೆಯ ಆಟಿ ತಿಂಗಳವರೆಗೂ ಅನ್ನದ ಜೊತೆಯ ಪದಾರ್ಥಕ್ಕೆ ಚಿಂತೆಯಿಲ್ಲ. ಸೀತಜ್ಜಿ ಬೆಳಿಗ್ಗೆಯೇ ಎಂಟು ಹಲಸು ಕೊಯ್ಯಿಸಿದಳು. ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಂಡು ಅವಳು, ಸೊಸೆ ಸೇವಂತಿ, ಹಾಸ್ಟೆಲು ಮುಚ್ಚಿ ಮನೆಗೆ ಬಂದಿದ್ದ ಮೊಮ್ಮಗಳು ಅಪೇಕ್ಷಾ, ಮೂವರೂ ಕೂತು ಮಧ್ಯಾಹ್ನ ಮೂರು ಗಂಟೆಗೆ ಸೊಳೆಯ ಗುಡ್ಡವನ್ನೇ ಹಾಕಿದರು.

"ಉಪ್ಪಿನ ಭರಣಿ ತಾ," ಎಂದಳು ಅಜ್ಜಿ.

ಸೇವಂತಿ ಎದ್ದಳು. ಭರಣಿ ತಂದಳು. ಮುಚ್ಚಳ ತೆಗೆದಾಗ ಅಡಿಯಲ್ಲಿ ಬಿಳಿ ನೀರಿನ ಕಲೆ ಮಾತ್ರ ಇತ್ತು.

"ಅತ್ತೆ, ಮಿಡಿಗೆ ಹಾಕುವಾಗಲೇ ಮುಗಿಯಿತು ಅಂತ ನಾನು ಹೇಳಿದ್ದೆ. ನೀವು ಆಗ ರಸ್ತೆಯವರ ಹತ್ರ ಮಾತಾಡ್ತಾ ಇದ್ರಿ."

"ಸಾಸಿವೆ ಡಬ್ಬಿ ಪಕ್ಕದಲ್ಲಿ ಪುಡಿಯುಪ್ಪು ಇತ್ತಲ್ಲ?"

"ಇವತ್ತಿನ ಗಂಜಿಗೆ ಅದೂ ಆಯ್ತು."

ಅಕ್ಕಿ ನೋಡಿದ್ದಳು, ಬೆಲ್ಲ ನೋಡಿದ್ದಳು, ಬೆಂಕಿಪೆಟ್ಟಿಗೆ ಕೂಡ ನೋಡಿದ್ದಳು. ಉಪ್ಪು ಯಾವಾಗಲೂ ಇರುವ ವಸ್ತು ಎಂದು ಅದರ ಮುಚ್ಚಳ ಮಾತ್ರ ತೆಗೆದಿರಲಿಲ್ಲ. ಉಪ್ಪು ಬೀಳದಿದ್ದರೆ ರಾತ್ರಿಯೊಳಗೆ ಸೊಳೆ ಕಪ್ಪಾಗಿ ಹುಳಿಯುತ್ತದೆ. ಎಂಟು ಹಲಸು ಗೊಬ್ಬರದ ಗುಂಡಿಗೆ ಹೋಗುತ್ತದೆ, ಅದರ ಹಿಂದೆಯೇ ಸೀತಜ್ಜಿಯ ಮೂವತ್ತು ವರ್ಷದ ಹೆಸರೂ ಹೋಗುತ್ತದೆ.

ಅಪೇಕ್ಷಾ ನೌಷಾದನಿಗೆ ಫೋನು ಮಾಡಿ ಅಜ್ಜಿಯ ಕಿವಿಗೆ ಹಿಡಿದಳು.

"ಅಜ್ಜಿ, ಅಂಗಡಿಯಲ್ಲಿ ಉಳಿದದ್ದು ನಾನು ಮತ್ತು ತಕ್ಕಡಿ," ಎಂದ ನೌಷಾದ್. "ಉಪ್ಪಿನ ಗಾಡಿ ಬರುದು ನಾಡಿದ್ದು. ಕೊನೆಯ ಗೋಣಿ ಸಂಕಪ್ಪಣ್ಣ ತಕ್ಕೊಂಡು ಹೋದದ್ದು. ನೀವು ಅವರ ಹತ್ರವೇ ಕೇಳಿ. ನೆರೆಕರೆಯವರಲ್ವಾ?"

ಸೀತಜ್ಜಿ ಫೋನನ್ನು ಚೇಳು ಕುಟುಕಿದ ಹಾಗೆ ದೂರ ಸರಿಸಿದಳು.

"ಅಜ್ಜಿ, ನಾನು ಹೋಗಿ ಕೇಳ್ತೇನೆ. ಎಂತ ಆಗ್ತದೆ ಈಗ?" ಎಂದಳು ಅಪೇಕ್ಷಾ.

"ನೀನು ಹೋದ್ರೂ ಹೋಗುದು ನನ್ನ ಮರ್ಯಾದೆಯೇ. ಸುಮ್ಮನೆ ಕೂತ್ಕೊ."

ಆದರೆ ಕೂರಲು ಹೊತ್ತಿರಲಿಲ್ಲ. ಆ ಸೀಮೆಯ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಯಾರೂ ಉಪ್ಪು ಹೊರಗೆ ಕೊಡುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು. ಹಗಲು ಕೊಟ್ಟರೂ ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಹುಟ್ಟುತ್ತದೆ ಎಂದು. ನೆಲಕ್ಕಿಟ್ಟು ಹಿಂದೆ ಸರಿಯಬೇಕು, ಇನ್ನೊಬ್ಬರು ಬಂದು ಎತ್ತಿಕೊಳ್ಳಬೇಕು. ದೂರ ನಿಲ್ಲಿ ಎಂದು ಟಿ.ವಿ.ಯವರು ಹೇಳಿಕೊಟ್ಟಾಗ ಸೀತಜ್ಜಿ, "ಇದು ನಮ್ಮ ಉಪ್ಪಿನ ಶಾಸ್ತ್ರ. ಇವರಿಗೆ ಯಾರು ಹೇಳಿದ್ದು?" ಎಂದು ಕೇಳಿದ್ದಳು.

ಐದು ಗಂಟೆಯ ಹೊತ್ತಿಗೆ ಅವಳಿಗೆ ಉಪಾಯ ಹೊಳೆಯಿತು. ಒಂದು ಬೊಗಸೆ ಸೊಳೆ ತೆಗೆದು ಸಣ್ಣಗೆ ಹೆಚ್ಚಿ, ತೆಂಗಿನಕಾಯಿ ಹಾಕಿ, ಕರಿಬೇವಿನ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು.

"ಅಜ್ಜಿ, ಇದಕ್ಕೆ ಉಪ್ಪೇ ಇಲ್ವಲ್ಲ!"

"ಅದೇ ಬೇಕಾದ್ದು. ಅವನು ತಿಂತಾನೆ. 'ಸೀತಕ್ಕ, ಉಪ್ಪಿಲ್ಲ' ಅಂತ ಅವನೇ ಬಾಯಿ ಬಿಡ್ತಾನೆ. 'ಹೌದಾ, ಹಾಗಾದ್ರೆ ತಾ ನಿನ್ನ ಉಪ್ಪು' ಅಂತ ನಾನು ಹೇಳುದು. ಮೊದಲು ಕೇಳಿದ್ದು ಯಾರು? ಅವನು! ನಾನು ಬಾಯಿ ಬಿಟ್ಟದ್ದುಂಟಾ?"

ಅಪೇಕ್ಷಾ ನಗು ತಡೆಯಲಾಗದೆ ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡಳು. ಸೀತಜ್ಜಿ ಹಳೆ ಸೀರೆಯ ತುಂಡನ್ನು ಮೂಗಿಗೆ ಕಟ್ಟಿದಳು. ಪಲ್ಯದ ತಟ್ಟೆಗೆ ಬಾಳೆಲೆ ಮುಚ್ಚಿ, ಜಂತಿಯಿಂದ ಒಂದು ಸೌತೆಕಾಯಿಯನ್ನೂ ಬಿಚ್ಚಿಕೊಂಡು, ದಿಬ್ಬಣದ ಯಜಮಾನ್ತಿಯ ಹಾಗೆ ಹೊರಟಳು.

ಸಂಕಪ್ಪ ಅಂಗಳದಲ್ಲಿ ಒಬ್ಬನೇ ಗಂಜಿ ಉಣ್ಣಲು ಆಗಷ್ಟೇ ಕೂತಿದ್ದ. ಮೂರು ಗೋಣಿ ಅಕ್ಕಿ ಇತ್ತು, ನೆಂಚಿಕೊಳ್ಳಲು ಏನೂ ಇರಲಿಲ್ಲ. ಗಂಜಿಯ ಬಟ್ಟಲಿನ ಪಕ್ಕ ನಾಲ್ಕು ಕಲ್ಲು ಉಪ್ಪು. ಅದನ್ನು ನೋಡಿ ಸೀತಜ್ಜಿಯ ಮನಸ್ಸು ಒಂದು ಗಳಿಗೆ ಮೆತ್ತಗಾಯಿತು. ಆದರೆ ಬಂದ ಕೆಲಸ ಬಂದ ಕೆಲಸವೇ.

"ಏನು ಸೀತಕ್ಕ, ಈ ಕಡೆ ದಾರಿ ಗೊತ್ತುಂಟಾ?" ಎಂದ ಅವನು, ಎರಡು ವಾರದ ಸಿಟ್ಟನ್ನು ಒಂದೇ ಮಾತಿನಲ್ಲಿ ಸೇರಿಸಿ.

"ಗಂಡಸು ಒಬ್ಬನೇ ಇದ್ದಾನೆ, ಎಂತ ತಿಂತಾನೋ ಅಂತ ತಂದೆ. ನನ್ನ ಕೈ ರುಚಿ ಗೊತ್ತುಂಟಲ್ಲ. ತಿಂದು ಹೇಗುಂಟು ಹೇಳು."

ತಟ್ಟೆಯನ್ನು ತುಳಸಿಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಸಂಕಪ್ಪ ಬಂದು ಎತ್ತಿಕೊಂಡ. ಒಂದು ತುತ್ತು ಬಾಯಿಗೆ ಹಾಕಿದ. ಅಗಿಯುವುದು ನಿಲ್ಲಿಸಿದ. ಇನ್ನೊಂದು ತುತ್ತು ಹಾಕಿದ.

ಸೀತಜ್ಜಿ ಅವನ ಬಾಯಿಯನ್ನೇ ನೋಡುತ್ತಾ ಕಾದಳು. ಹೇಳು ಮಾರಾಯ, ಹೇಳು.

ಸಂಕಪ್ಪನ ಮುಖ ಬಿಳಿಚಿಕೊಂಡಿತು. ತಟ್ಟೆಯನ್ನು ಕೆಳಗಿಟ್ಟ.

"ಸೀತಕ್ಕ, ದೂರ ಹೋಗಿ. ಹತ್ರ ಬರ್ಬೇಡಿ."

"ಎಂತ ಆಯ್ತು ಮಾರಾಯ?"

"ನಂಗೆ ರುಚಿ ಗೊತ್ತಾಗ್ತಾ ಇಲ್ಲ. ನಿಮ್ಮ ಕೈಯ ಪಲ್ಯ ನಂಗೆ ಸಪ್ಪೆ ಆಗ್ತಾ ಉಂಟು. ಟಿ.ವಿ.ಯಲ್ಲಿ ಹೇಳಿದ್ದು ಇದೇ ಅಲ್ವಾ, ಮೊದಲು ರುಚಿ ಹೋಗುದು ಅಂತ. ನಂಗೆ ಬಂತು ಸೀತಕ್ಕ, ಅದು ಬಂತು. ಆ ದಿನ ಅಂಗಡಿಯ ನೂಕುನುಗ್ಗಲಲ್ಲಿ ಹಿಡಿದಿರ್ಬೇಕು."

ಅವನು ತುಳಸಿಕಟ್ಟೆಗೆ ಒರಗಿ ಕುಸಿದು ಕೂತ. "ಮೊಮ್ಮಗುವಿನ ಮುಖ ಇನ್ನೂ ನೋಡ್ಲಿಲ್ಲ ನಾನು. ಫೋನಿನಲ್ಲಿ ಅಷ್ಟೇ," ಎಂದು ಹೆಗಲ ಮೇಲಿನ ಬೈರಾಸಿನಲ್ಲಿ ಕಣ್ಣು ಒರೆಸಿಕೊಂಡ.

ಸೀತಜ್ಜಿಯ ಕೈ ರುಚಿ ಸಪ್ಪೆಯಾಗಿರಬಹುದೆಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ತನಗೆ ಮಾರಿ ಬಂದಿದೆ ಎಂದು ನಂಬಿದ, ಅವಳ ಪಲ್ಯದಲ್ಲಿ ಉಪ್ಪಿಲ್ಲ ಎಂದು ನಂಬಲಿಲ್ಲ. ಎಪ್ಪತ್ತೆಂಟು ವರ್ಷದಲ್ಲಿ ಇಂಥ ಹೊಗಳಿಕೆ ಅವಳಿಗೆ ಯಾರಿಂದಲೂ ಸಿಕ್ಕಿರಲಿಲ್ಲ, ತಾಳಿ ಕಟ್ಟಿದವನಿಂದಲೂ. ಅವಳ ಎದೆ ಒಮ್ಮೆ ಉಬ್ಬಿತು. ಮರುಗಳಿಗೆಯೇ ಅವನ ಕಣ್ಣೀರು ಕಂಡಿತು.

ಹಿಂದೆಯೇ ಬಂದು ಬೇಲಿಯಾಚೆ ನಿಂತಿದ್ದ ಅಪೇಕ್ಷಾ ಈಗ ನಗುತ್ತಿರಲಿಲ್ಲ. ಸೂರ್ಯ ತೆಂಗಿನ ಗರಿಯ ಕೆಳಗೆ ಇಳಿದಿದ್ದ. ದೀಪ ಹಚ್ಚಲು ಹೆಚ್ಚೆಂದರೆ ಹತ್ತು ನಿಮಿಷ. ನಿಜ ಹೇಳಿದರೆ ಉಪ್ಪಿಲ್ಲದ ಮನೆಯವಳು ತಾನೇ ಎಂದು ನಾಳೆ ಇಡೀ ರಸ್ತೆಗೆ ಗೊತ್ತಾಗುತ್ತದೆ. ಹೇಳದಿದ್ದರೆ ಈ ಮನುಷ್ಯ ರಾತ್ರಿಯಿಡೀ ತನ್ನ ಸಾವು ಕಾಯುತ್ತಾ ಕೂರುತ್ತಾನೆ.

ಸೀತಜ್ಜಿ ಮೂಗಿಗೆ ಕಟ್ಟಿದ ಬಟ್ಟೆಯನ್ನು ಕೆಳಗೆಳೆದಳು. ಬೆನ್ನು ನೆಟ್ಟಗೆ ಮಾಡಿ, ತಲೆ ಒಂದಿಷ್ಟೂ ತಗ್ಗಿಸದೆ, ಬೇಲಿಯಾಚೆಗೆ ಕೇಳದ ಹಾಗೆ ಎರಡೇ ಮಾತು ಹೇಳಿದಳು. ಮೊದಲನೆಯ ಮಾತಿಗೆ ಸಂಕಪ್ಪ ಕೂತಲ್ಲಿಂದ ಎದ್ದು ಅವಳಿಗೆ ಬೈದ. ಎರಡನೆಯ ಮಾತಿಗೆ ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಉಪ್ಪಿನ ಗೋಣಿಯನ್ನು ಹೊತ್ತು ತಂದು ಅಂಗಳದ ನಡುವೆ ಇಟ್ಟು ಹಿಂದೆ ಸರಿದ. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಆ ಮಬ್ಬಿನಲ್ಲಿ ಅಪೇಕ್ಷಾಳಿಗೆ ಕಾಣಿಸಲಿಲ್ಲ.

ಆ ಎರಡು ಮಾತು ಯಾವುದೆಂದು ಸೀತಜ್ಜಿ ಈವರೆಗೆ ಯಾರಿಗೂ ಬಾಯಿ ಬಿಟ್ಟಿಲ್ಲ. ಕೇಳಿದರೆ ಎಲೆಗೆ ಸುಣ್ಣ ಹಚ್ಚುತ್ತಾ ಹೇಳುತ್ತಾಳೆ:

"ಇಷ್ಟು ಹೇಳಿದೆನಲ್ಲ ಮಾರಾಯ್ರೆ. ನನ್ನ ಗುಣ ನಿಮಗೆ ಗೊತ್ತುಂಟು, ಅವನ ಗುಣವೂ ಗೊತ್ತಾಯ್ತು. ಎಂತ ಹೇಳಿರ್ಬಹುದು ನಾನು? ಹೇಳಿ ನೋಡುವ."