ಹೆಬ್ಬೆಟ್ಟಿಗೆ ತೊಳೆದ ತುಪ್ಪ

ಬಾಗೂರಿನಲ್ಲಿ ರೇಷನ್ ಅಂಗಡಿ ಇಟ್ಟುಕೊಂಡಿರುವ ನನಗೆ ಚಳಿಗಾಲ ಬಂದಿದ್ದು ಪಂಚಾಂಗ ನೋಡಿ ಗೊತ್ತಾಗುವುದಿಲ್ಲ, ಬೆರಳಚ್ಚಿನ ಮೆಷಿನ್ ನೋಡಿ ಗೊತ್ತಾಗುತ್ತದೆ. ಜನರ ಕೈ ಒಡೆಯಲು ಶುರುವಾದ ದಿನದಿಂದ ಅದು ಯಾರ ಹೆಬ್ಬೆಟ್ಟನ್ನೂ ಸಲೀಸಾಗಿ ಒಪ್ಪುವುದಿಲ್ಲ. ಕಾಯಿ ಸುಲಿಯುವವರು, ಪಾತ್ರೆ ತಿಕ್ಕುವವರು, ಸಗಣಿ ಬಾಚುವವರು, ಎಲ್ಲರ ಬೆರಳೂ ಒಣಗಿ ಸಿಪ್ಪೆ ಎದ್ದಿರುತ್ತದೆ. ಒಬ್ಬ ಬೆರಳನ್ನು ತಲೆಗೂದಲಿಗೆ ಉಜ್ಜುತ್ತಾನೆ, ಇನ್ನೊಬ್ಬಳು ಮೂಗಿನ ಪಕ್ಕದ ಜಿಡ್ಡು ಸವರಿಕೊಳ್ಳುತ್ತಾಳೆ. ಕೆಂಪು ದೀಪ ತೋರಿಸುವುದು ಮೆಷಿನ್ನು, ಬೈಗುಳ ಮಾತ್ರ ನನಗೆ. ನಾನೂ ಸುಮ್ಮನೆ ಬೈಸಿಕೊಳ್ಳುವ ಆಸಾಮಿಯಲ್ಲ. ಹಾಗಾಗಿ ಚಳಿ ಮುಗಿಯುವವರೆಗೂ ನಮ್ಮ ಅಂಗಡಿ ಮುಂದೆ ದಿನಾ ರಂಪ.

ಈ ಸಲದ ರಂಪಕ್ಕೆ ಯಜಮಾನಿ ಬಸವಲಿಂಗಮ್ಮ. ಅಂಗಡಿಗೆ ಎದುರು ಮನೆ. ನನಗಿಂತ ಹಿರಿಯಳು, ಅಕ್ಕ ಅನ್ನುತ್ತೇನೆ. ಒಬ್ಬನೇ ಮಗ ಅಮರನಾಥ, ಅವನ ಹೆಂಡತಿ ಪ್ರೇಮಕುಮಾರಿ. ಈ ಅತ್ತೆ ಸೊಸೆ ಒಲೆ ಬೇರೆ ಮಾಡಿಕೊಂಡು ಬಹಳ ದಿನವಾಯಿತು. ಆಸ್ತಿಗಲ್ಲ, ಒಡವೆಗಲ್ಲ, ಹಾಲಿನ ಕೆನೆಗೆ. ತುಪ್ಪ ಕಾಯಿಸಲು ಅಕ್ಕ ದಿನಾ ಕೂಡಿಡುತ್ತಿದ್ದ ಕೆನೆಯನ್ನು ಪ್ರೇಮಕುಮಾರಿ ಕಡಲೆಹಿಟ್ಟಿನ ಜೊತೆ ಕಲಸಿ, ಒಣಗಿದ ಮುಖಕ್ಕೆ ಬಳಿದುಕೊಂಡು ಹಿತ್ತಲಲ್ಲಿ ಕೂತಿದ್ದಳು.

"ದೀಪ ಹಚ್ಚೋ ತುಪ್ಪಾನ ಮೂತಿಗೆ ಮೆತ್ಕಂಡವ್ಳೆ" ಎಂದು ಅತ್ತೆ ಇಡೀ ಬೀದಿಗೆ ಕೇಳುವಂತೆ ಕೂಗಿದಳು.

"ಮೂತಿ ಒಡ್ದು ರಕ್ತ ಬತ್ತಾ ಐತೆ. ದೀಪ ಹಚ್ಚುದ್ರೆ ವಾಸಿ ಆಯ್ತದಾ?" ಎಂದು ಸೊಸೆ ಅದಕ್ಕಿಂತ ಜೋರಾಗಿ ಕೇಳಿದಳು.

ಅವತ್ತೇ ಸಂಜೆ ಅಕ್ಕ ತನ್ನ ಪಾತ್ರೆಗಳನ್ನು ಪಡಸಾಲೆ ಪಕ್ಕದ ಕೋಣೆಗೆ ಸಾಗಿಸಿದಳು. ಆಮೇಲೆ ಚನ್ನರಾಯಪಟ್ಟಣಕ್ಕೆ ಬಸ್ಸು ಹತ್ತಿ ಓಡಾಡಿ, ತನ್ನ ಒಬ್ಬಳ ಹೆಸರಿಗೇ ಬೇರೆ ರೇಷನ್ ಕಾರ್ಡು ಮಾಡಿಸಿಕೊಂಡಳು. ಆ ಕಾರ್ಡೆಂದರೆ ಅವಳಿಗೆ ಪ್ರಾಣ. ಪ್ರತಿ ತಿಂಗಳೂ ಅಕ್ಕಿ ಚೀಲ ಸೊಂಟಕ್ಕೆ ಇಟ್ಟುಕೊಂಡು, ಸೊಸೆಯ ಬಾಗಿಲ ಮುಂದೆ ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದಳು. "ನಾನು ಯಾರ್ ಒಲೆ ಅನ್ನಾನೂ ಉಣ್ಣಕಿಲ್ಲ" ಎಂದು ಬೀದಿಗೆ ಹೇಳುವ ನೆಪದಲ್ಲಿ ಒಳಗಿದ್ದವಳಿಗೆ ಹೇಳುತ್ತಿದ್ದಳು.

ಈ ಸಲ ಮೇಲಿನ ಆಫೀಸಿನಿಂದ ಮಾತು ಬಂತು. ತಿಂಗಳ ಕೊನೆಯೊಳಗೆ ಬೆರಳಚ್ಚು ಬೀಳದವರ ಕಾರ್ಡು ರದ್ದು. ಅಕ್ಕನ ಹತ್ತು ಬೆರಳಲ್ಲಿ ಒಂದನ್ನೂ ಮೆಷಿನ್ ಒಪ್ಪಲಿಲ್ಲ.

"ಕಾರ್ಡು ರದ್ದಾದ್ರೆ ಏನ್ಲಾ ಗತಿ?" ಎಂದಳು.

"ಮಗನ ಕಾರ್ಡಿಗೆ ಸೇರ್ಕಬೇಕಾಯ್ತದೆ ಕಣಕ್ಕ. ಪ್ರೇಮನ ಒಲೇಲೇ ಊಟ."

ಅಕ್ಕನ ಮುಖ ಸಪ್ಪಗಾಯಿತು. ಬೈಯುವುದನ್ನೂ ಮರೆತು ಎದ್ದು ಹೋದಳು.

ಮಾರನೇ ದಿನ ತನ್ನದೇ ಔಷಧಿ ಮಾಡಿಕೊಂಡು ಬಂದಳು. ರಾತ್ರಿಯೆಲ್ಲ ಹೆಬ್ಬೆರಳಿಗೆ ಹರಳೆಣ್ಣೆ ಬಟ್ಟೆ ಸುತ್ತಿಕೊಂಡು ಮಲಗಿದ್ದಳಂತೆ. ಬಟ್ಟೆ ಬಿಚ್ಚಿದವಳೇ ಬೆರಳನ್ನು ಮೆಷಿನ್ ಮೇಲೆ ಒತ್ತಿದಳು. ಬೆರಳು ಜಾರಿ ನನ್ನ ತಕ್ಕಡಿಯ ಮೇಲೆ ಹೋಗಿ ನಿಂತಿತು. ಗಾಜಿನ ತುಂಬ ಎಣ್ಣೆ. ಅದನ್ನು ಒರೆಸಲು ಅವಳು ಸೆರಗು ಹಾಕಿದಳು, ಸೆರಗಿನಲ್ಲಿ ಇನ್ನೂ ಜಾಸ್ತಿ ಎಣ್ಣೆಯಿತ್ತು. ಅವತ್ತು ಮಧ್ಯಾಹ್ನದವರೆಗೆ ಊರಿನಲ್ಲಿ ಯಾರಿಗೂ ರೇಷನ್ ಇಲ್ಲ.

ಇನ್ನು ತಡೆಯಲಾರದೆ ನಾನೇ ಎದುರು ಮನೆಗೆ ಹೋದೆ. ಒಣಚರ್ಮದ ವಿಷಯದಲ್ಲಿ ನಮ್ಮ ಬೀದಿಗೆ ಪ್ರೇಮಕುಮಾರಿಯೇ ಡಾಕ್ಟರು. ಹಿಮ್ಮಡಿ ಒಡೆದವರಿಗೆ ಕೊಬ್ಬರಿ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ಕೊಡುತ್ತಾಳೆ, ಮಕ್ಕಳ ಕೆನ್ನೆ ಒಡೆದರೆ ಲೋಳೆಸರ ಸವರುತ್ತಾಳೆ. ವಿಷಯ ಕೇಳಿದ್ದೇ ಅವಳು ಹಿಡಿದಿದ್ದ ಸೌಟು ಕೆಳಗಿಟ್ಟಳು.

"ಅತ್ತೆ ನಮ್ ಕಾರ್ಡಿಗೆ ಬತ್ತಾರಾ? ಬ್ಯಾಡಿ ಮಾವ, ನಿಮ್ ಕಾಲಿಗೆ ಬೀಳ್ತೀನಿ. ಅವ್ರ ಕೈ ನಾನು ನೆಟ್ಟಗ್ ಮಾಡ್ಕೊಡ್ತೀನಿ."

ಬೇರೆಯಾಗಿಯೇ ಇರಬೇಕೆಂದು ಇಬ್ಬರಿಗೂ ಹಟ. ಅದಕ್ಕಾಗಿ ಈಗ ಒಟ್ಟಿಗೆ ಕೂರಬೇಕಾಯಿತು. ಕೂತರೂ ಮಾತು ನೇರವಾಗಿ ಇಲ್ಲ, ನಡುವೆ ನಾನು.

"ಚನ್ನಬಸವ, ಏಳ್ಲಾ ಅವ್ಳಿಗೆ. ಇದು ಲಿಂಗ ಇಡಿಯೋ ಕೈ. ಅಂಗಡಿ ಕ್ರೀಮು ತಾಕುಸ್ಬಾರ್ದು. ಹುಳ ಸಾಯ್ಸಿ ತಂದ ಜೇನುಮೇಣಾನೂ ಬ್ಯಾಡ."

"ಮಾವ, ಅಂಗಾದ್ರೆ ಅವ್ರ ತುಪ್ಪಾನೇ ಕೊಡಕೇಳಿ. ತೊಳ್ದು ಕೊಡ್ತೀನಿ."

ತುಪ್ಪ ತೊಳೆಯುವುದೆಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ತಾಮ್ರದ ತಟ್ಟೆಗೆ ತುಪ್ಪ ಹಾಕಿ, ತಣ್ಣೀರು ಸುರಿದು, ತಾಮ್ರದ ಚೊಂಬಿನ ತಳದಿಂದ ತಿಕ್ಕಬೇಕು. ಆ ನೀರು ಚೆಲ್ಲಿ ಹೊಸ ನೀರು ಹಾಕಿ ಮತ್ತೆ ತಿಕ್ಕಬೇಕು. ನೂರು ಸಲ ತೊಳೆದರೆ ಜಿಡ್ಡೂ ವಾಸನೆಯೂ ಹೋಗಿ ಬೆಣ್ಣೆಗಿಂತ ಬೆಳ್ಳಗಾಗುತ್ತದೆ, ಚರ್ಮದೊಳಕ್ಕೆ ಇಳಿಯುತ್ತದೆ. ಅಕ್ಕ ಡಬ್ಬಿ ತಂದು ಜಗಲಿಯ ಮೇಲೆ ಕೂತಳು. ತಾನು ಕೂಡಿಟ್ಟ ತುಪ್ಪದ ಮೇಲೆ ಸೊಸೆ ಕೊಳಾಯಿ ನೀರು ಸುರಿಯುವುದನ್ನು ಕಣ್ಣಾರೆ ನೋಡಿದಳು. ಎಷ್ಟು ಸಲ ಆಯಿತೆಂಬ ಲೆಕ್ಕದಲ್ಲಿ ಇಬ್ಬರಿಗೂ ಜಗಳ ಹತ್ತಿತು. ಆ ಜಗಳದ ನಡುವೆ ನನ್ನನ್ನು ಬಿಟ್ಟು ಇಬ್ಬರೂ ನೇರವಾಗಿ ಮಾತಾಡುತ್ತಿದ್ದರು. ನಾನು ಮೆಲ್ಲಗೆ ಎದ್ದು ಬಂದೆ.

ಅವತ್ತಿನಿಂದ ಸಂಜೆಯಾದರೆ ಅದೇ ಜಗಲಿ. ಪ್ರೇಮಕುಮಾರಿ ಅತ್ತೆಯ ಕೈಯನ್ನು ಬೆಚ್ಚನೆ ನೀರಿನಲ್ಲಿ ನೆನೆಸಿ, ಒದ್ದೆ ಆರುವ ಮೊದಲೇ ಆ ಬಿಳಿ ತುಪ್ಪ ಹಚ್ಚಿ, ಒಂದೊಂದು ಬೆರಳನ್ನೂ ತಿಕ್ಕುತ್ತಿದ್ದಳು. "ಬೂದಿ ಆಕಿ ಪಾತ್ರೆ ತಿಕ್ಕೋದು ಬಿಡಿ ಅತ್ತೆ" ಎಂದು ಇವಳು ಗದರುವುದು, "ಮೆತ್ತಗ್ ಒತ್ತು, ಹಿಟ್ಟು ನಾದ್ತಿದ್ದೀಯಾ" ಎಂದು ಅವಳು ಗದರುವುದು. ಅಂಗಡಿಯಲ್ಲಿ ಕೂತ ನನಗೆ ಒಳ್ಳೆ ಮನರಂಜನೆ.

ಕೈ ಮೃದುವಾಯಿತು, ಬಿರುಕು ಮುಚ್ಚಿತು. ಮೆಷಿನ್ ಮಾತ್ರ ಕೆಂಪು. ತಿಂಗಳು ಮುಗಿಯುತ್ತ ಬಂದಿತ್ತು. ಅಕ್ಕ ಬೆಳಗಿನ ಪೂಜೆ ಮುಗಿಸಿ ಬರುತ್ತಾಳೆ, ಬೆರಳು ಒತ್ತುತ್ತಾಳೆ, ಕಣ್ಣು ತುಂಬಿಕೊಂಡು ಹೋಗುತ್ತಾಳೆ. ನನಗೂ ತಲೆ ಕೆಟ್ಟಿತು. ಅಂಗಡಿ ತೆಗೆಯುವಾಗ ನನ್ನ ಬೆರಳನ್ನೂ ಅದಕ್ಕೆ ತೋರಿಸಬೇಕು, ನನ್ನದನ್ನೂ ಅದು ಹತ್ತು ಸಲ ಒತ್ತಿಸದೆ ಬಿಡುತ್ತಿರಲಿಲ್ಲ. ಹಾಳಾದ್ದು ಕೆಟ್ಟಿದೆ ಎಂದೇ ತೀರ್ಮಾನಿಸಿದ್ದೆ.

ಒಂದು ಬೆಳಿಗ್ಗೆ ಪ್ರೇಮಕುಮಾರಿ ಜೊತೆಗೆ ಬಂದಳು. ತನ್ನ ತುಪ್ಪಕ್ಕೆ ಆದ ಅವಮಾನ ಅವಳಿಗೆ ತಡೆಯಲಾಗಿರಲಿಲ್ಲ. ಅತ್ತೆಯ ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು.

"ಅತ್ತೆ, ಪೂಜೆ ಆದ್ಮೇಲೆ ಕೈ ತೊಳ್ಕಂಡ್ರಾ?"

"ಈಬೂತಿ ಕೈಯ್ಯ ಯಾರಾದ್ರೂ ತೊಳ್ಕತಾರೇನೇ? ಅಂಗೇ ಉಜ್ಕತೀನಿ."

ಹತ್ತು ಬೆರಳಿನ ಗೆರೆಯಲ್ಲೂ ವಿಭೂತಿ ಕೂತಿತ್ತು. ಸಂಜೆ ಸೊಸೆ ತಿಕ್ಕಿದ ತುಪ್ಪವನ್ನೆಲ್ಲ ಬೆಳಿಗ್ಗೆ ಅದು ಹೀರಿಬಿಡುತ್ತಿತ್ತು. ನಾನು ಮೆಲ್ಲಗೆ ನನ್ನ ಬೆರಳು ನೋಡಿಕೊಂಡೆ. ಅದೂ ಬೆಳ್ಳಗೇ ಇತ್ತು. ಮೂವತ್ತು ವರ್ಷದಿಂದ ಹಣೆಗೆ ಹಚ್ಚಿ ಹಾಗೇ ಅಂಗಡಿಗೆ ಬರುವವನು ನಾನು. ಪಾಪದ ಮೆಷಿನ್ನಿಗೆ ಎಷ್ಟು ಬೈದಿದ್ದೆ. ಪ್ರೇಮಕುಮಾರಿ ನನ್ನ ಕೈಯನ್ನೂ ನೋಡಿದಳು, ಬಾಯಿಗೆ ಸೆರಗು ಹಿಡಿದುಕೊಂಡಳು. ಲಿಂಗಕ್ಕೆ ಅಭಿಷೇಕ ಮಾಡಿದ ನೀರಿನಲ್ಲೇ ಕೈ ತೊಳೆದರೆ ದೋಷವಿಲ್ಲ ಎಂದು ನಾನು ಅಲ್ಲಿಯೇ ಶಾಸ್ತ್ರ ಹೇಳಿದೆ. ಯಾವ ಶಾಸ್ತ್ರ ಎಂದು ಯಾರೂ ಕೇಳಲಿಲ್ಲ.

ಮಾರನೇ ದಿನ ಬಾಗಿಲು ತೆಗೆಯುವ ಹೊತ್ತಿಗೇ ಅಕ್ಕ ಒಬ್ಬಳೇ ಬಂದು ನಿಂತಿದ್ದಳು. ಹೆಬ್ಬೆಟ್ಟು ಇಟ್ಟಳು. ಹಸಿರು ದೀಪ. ಕಾರ್ಡು ಉಳಿಯಿತು. ನಾನು ಸಡಗರದಿಂದ ಅಕ್ಕಿ ತೂಗಿ ಚೀಲ ಮುಂದಿಟ್ಟೆ. ಅಕ್ಕ ಅದನ್ನು ಮುಟ್ಟಲಿಲ್ಲ.

"ಇದು ಇಲ್ಲೇ ಇರ್ಲಿ. ಮೆಷಿನ್ ಇನ್ನೂ ತಗಂಡಿಲ್ಲ ಅಂತ ಅವ್ಳಿಗೆ ಏಳು."

"ಯಾಕಕ್ಕ?"

ಅಕ್ಕ ತನ್ನ ಅಂಗೈ ನೋಡಿಕೊಂಡಳು. "ಅಮರನಾಥ್ನ ಅಪ್ಪ ತೀರ್ಕಂಡ್ಮೇಲೆ ಈ ಕೈಯ್ಯ ಇಡ್ಕಂಡೋರು ಯಾರೂ ಇಲ್ಲ ಕಣ್ಲಾ. ಕೆಲ್ಸ ಆಯ್ತು ಅಂದ್ರೆ ನಾಳೆಯಿಂದ ಅವ್ಳ್ಯಾಕೆ ಇಡೀತಾಳೆ?"

ನಾನು ಚೀಲವನ್ನು ಎಳೆದು ತಕ್ಕಡಿಯ ಹಿಂದೆ ಇಟ್ಟೆ. "ಅಕ್ಕಿ ಇಲ್ಲಿಟ್ಟು ಮನೇಲಿ ಏನ್ ಉಣ್ತೀಯೆ?" ಎಂದು ಗದರಿದೆ.

"ಅವ್ಳೇ ಎರಡು ತುತ್ತು ಇಕ್ತಾಳೆ ಬಿಡು" ಎಂದು ನನ್ನ ಮುಖ ನೋಡದೆ ಹೋದಳು.

ಸಂಜೆ ಪ್ರೇಮಕುಮಾರಿ ಸಕ್ಕರೆ ಕೇಳುವ ನೆಪ ಮಾಡಿಕೊಂಡು ಬಂದಳು. ಹೇಳಿಕೊಟ್ಟಂತೆಯೇ, "ಇವತ್ತೂ ತಗಳಲಿಲ್ಲ ಕಣವ್ವ" ಎಂದೆ. ಅವಳು ಫೋನು ತೆಗೆದು ನನ್ನ ಮುಂದೆ ಹಿಡಿದಳು. ಅಕ್ಕನಿಗೆ ಫೋನಿಲ್ಲ, ಅಷ್ಟು ಜಗಳದಲ್ಲೂ ಕಾರ್ಡಿಗೆ ಕೊಟ್ಟಿದ್ದು ಇವಳ ನಂಬರಂತೆ. ಬಸವಲಿಂಗಮ್ಮನವರಿಗೆ ಅಕ್ಕಿ ಸಂದಾಯವಾಗಿದೆ ಎಂಬ ಮೆಸೇಜು ಬೆಳಿಗ್ಗೆಯೇ ಬಂದಿತ್ತು.

ನಾನು ತಕ್ಕಡಿ ಒರೆಸತೊಡಗಿದೆ.

"ನಂಗೆ ಗೊತ್ತು ಅಂತ ಅತ್ತೆಗೆ ಏಳ್ಬ್ಯಾಡಿ ಮಾವ" ಎಂದಳು. "ಕೈ ತಿಕ್ಕೋವಾಗಾದ್ರೂ ನನ್ ಜೊತೆ ಜಗಳ ಆಡ್ತಾರೆ. ಇಲ್ದಿದ್ರೆ ಮಾತೇ ಇಲ್ಲ, ಆ ಮನೇಲಿ ಇಡೀ ದಿನ ನಂಗೆ ಉಸ್ರು ಕಟ್ದಂಗಾಯ್ತದೆ."

ಸಕ್ಕರೆ ತೆಗೆದುಕೊಳ್ಳದೆಯೇ ಮೆಟ್ಟಿಲಿಳಿದವಳು ತಿರುಗಿ ನೋಡಿದಳು.

"ಆ ಅಕ್ಕಿ ಚೀಲಾನ ಬಿಗಿಯಾಗಿ ಕಟ್ಟಿಡಿ ಮಾವ, ಹುಳ ಬಿದ್ದಾತು. ಬಾಳಾ ದಿನ ಇಲ್ಲೇ ಇರ್ತದೆ ಅದು."